ಮೈದಾನ ಮುಚ್ಚಿಸಿದ ಅಕ್ಕ

ಯಾರ ಮನೆಗೆ ಹೋದರೂ ಅಕ್ಕ ಮೊದಲು ಬಾಗಿಲು ನೋಡುತ್ತಿದ್ದರು. ಚಪ್ಪಲಿ ಬಿಡುವುದಕ್ಕೂ ಮುಂಚೆ ಬಾಗಿಲನ್ನು ಪೂರ್ತಿ ತೆರೆದು, ಮತ್ತೆ ಮೆಲ್ಲಗೆ ಮುಚ್ಚಿ, ಚೌಕಟ್ಟಿಗೆ ಎಲ್ಲಾದರೂ ಉಜ್ಜುತ್ತದೆಯೇ ಎಂದು ಕಿವಿಗೊಡುವರು. ಡಬ್ಲಿನ್ನಿನ ಲೆಪರ್ಡ್ಸ್‌ಟೌನಿನಲ್ಲಿ ನಮ್ಮ ಪರಿಚಯದವರೊಬ್ಬರು ಹೊಸ ಮನೆ ಕೊಂಡು ಯುಗಾದಿಗೆ ಎಲ್ಲರನ್ನೂ ಕರೆದಿದ್ದರು. ಒಬ್ಬಟ್ಟಿನ ವಾಸನೆ ಬೀದಿಗೇ ಬರುತ್ತಿತ್ತು. ಮನೆಯಾಕೆ ಕುಂಕುಮದ ಬಟ್ಟಲು ಹಿಡಿದು ಕಾಯುತ್ತಿದ್ದರೆ ಇವರು ಬಾಗಿಲು ತೆರೆಯುವುದು, ಮುಚ್ಚುವುದು.

"ಏನಾಯ್ತು ಮೇಡಂ? ಏನಾದ್ರೂ ಪ್ರಾಬ್ಲಮ್ ಇದ್ಯಾ?" ಎಂದು ಆಕೆ ಗಾಬರಿಯಿಂದ ಕೇಳಿದರು.

"ಏನಿಲ್ಲವಾ. ಬಾಗಿಲು ಚೊಲೋ ಐತಿ. ಮನಿ ಗಟ್ಟಿ ನಿಂತೈತಿ" ಎಂದು ನಕ್ಕು ಅಕ್ಕ ಕುಂಕುಮಕ್ಕೆ ಹಣೆಯೊಡ್ಡಿದರು. ಆ ಸಂಜೆಯೆಲ್ಲ ಮನೆಯ ಯಜಮಾನರು ಮಾತ್ರ ಗೋಡೆಗಳನ್ನೇ ನೋಡುತ್ತ ಓಡಾಡಿದರು.

ಅದು ಕಸುಬಿನಿಂದ ಅಂಟಿದ ಚಾಳಿ. ಹಳೆಯ ಗಣಿಗಳ ಮೇಲಿನ ನೆಲವನ್ನು ನಂಬಬಹುದೋ ಇಲ್ಲವೋ ಎಂದು ಹೇಳುವುದು ಅವರ ಕೆಲಸ. ನೆಲ ಒಂದಿಷ್ಟು ಇಳಿದರೂ ಬಾಗಿಲು ಬಿಗಿಯಾಗುತ್ತದೆ, ಆಮೇಲೆ ಗೋಡೆ ಬಿರಿಯುತ್ತದೆ, ಮನುಷ್ಯನಿಗೆ ತಿಳಿಯುವುದು ಎಲ್ಲಕ್ಕಿಂತ ಕೊನೆಗೆ ಎನ್ನುತ್ತಿದ್ದರು. ಐರ್ಲೆಂಡಿನ ಹಸಿರಿನ ಕೆಳಗೆ ಕಲ್ಲಿದ್ದಲು, ಸೀಸ, ತಾಮ್ರ ಅಗೆದು ಬಿಟ್ಟುಹೋದ ಪೊಳ್ಳುಗಳು ಎಷ್ಟೋ ಇವೆ. ಅವುಗಳಲ್ಲಿ ಕೆಲವಕ್ಕೆ ನಕ್ಷೆ ಇದೆ, ಹಲವಕ್ಕೆ ಇಲ್ಲ. ಮೇಲೆ ರಸ್ತೆ, ಶಾಲೆ, ಮನೆ ಕಟ್ಟುವ ಮುಂಚೆ ಯಾರಾದರೂ ಹೋಗಿ ನೋಡಬೇಕು. ಆ ಯಾರಾದರೂ ಅಂದರೆ ನಮ್ಮ ಆಫೀಸಿನಲ್ಲಿ ಅಕ್ಕ.

ಅವರು ಹೋಗಿ ವರ್ಷದ ಮೇಲಾಯಿತು. ಈಗಲೂ ಸೈಟಿಗೆ ಹೊರಟಾಗ ಕಾರಿನ ಎಡಗಡೆಯ ಸೀಟಿನ ಮೇಲೆ ನನ್ನ ಚೀಲ ಇಡಲು ಮನಸ್ಸು ಬರುವುದಿಲ್ಲ.

ಮೈಸೂರಿನಿಂದ ಬಂದು ಡಬ್ಲಿನ್ನಿನ ಸ್ಯಾಂಡಿಫರ್ಡಿನ ಆ ಆಫೀಸಿಗೆ ಸೇರಿದಾಗ ನನಗೆ ನೆಲವೂ ಗೊತ್ತಿರಲಿಲ್ಲ, ಗಣಿಯೂ ಗೊತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದಷ್ಟೇ ನನ್ನ ವಿದ್ಯೆ. ಮೊದಲ ವಾರದಲ್ಲೇ ಆಫೀಸಿನ ಅಡುಗೆಕೋಣೆಯಲ್ಲಿ ಯಾರೋ ಫೋನಿನಲ್ಲಿ, "ಹಾಲು ಕಾಸಿ ಇಡ್ರಿ, ನಾ ಬರೋದು ತಡ ಆಗ್ತೈತಿ" ಎನ್ನುವುದು ಕೇಳಿಸಿತು. ಕೈಯಲ್ಲಿದ್ದ ಕಪ್ ಹಾಗೇ ಹಿಡಿದು ನಿಂತುಬಿಟ್ಟೆ. ಕುಳ್ಳಗಿನ, ಅಗಲ ಮುಖದ ಹೆಂಗಸು; ಕೆಸರು ಮೆತ್ತಿದ ಬೂಟು; ಎರಡು ಅಳತೆ ದೊಡ್ಡದಾದ ರೇನ್‌ಕೋಟು. ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುವ ಆಫೀಸು ಅದು. ನನ್ನ ಬಾಯಿಗೆ ಹೆಸರು ಬರದೆ "ಮೇಡಂ" ಅಂದೆ.

"ಮೇಡಂ ಗೀಡಂ ಬ್ಯಾಡ. ಅಕ್ಕಾ ಅನ್ನು. ನಾನು ತಂಗಿ ಅಂತೀನಿ. ಲೆಕ್ಕ ಸರಿ ಆತು" ಎಂದರು.

ಅವರು ರಾಯಚೂರು ಸೀಮೆಯ ಹಟ್ಟಿಯವರು. ಅಪ್ಪ ಅಲ್ಲಿನ ಚಿನ್ನದ ಗಣಿಯಲ್ಲಿ ಕೆಳಗಿಳಿದು ದುಡಿದವರು. ಕ್ವಾರ್ಟರ್ಸಿನಲ್ಲಿ ಮಲಗಿದ್ದಾಗ ಕೆಳಗೆ ಬಂಡೆ ಸಿಡಿಸಿದರೆ ಮಂಚ ಒಮ್ಮೆ ನಡುಗುತ್ತಿತ್ತಂತೆ. "ಹೆದರಿಕೆ ಆಗ್ತಿರಲಿಲ್ವಾ ಅಕ್ಕ?" ಎಂದು ಕೇಳಿದ್ದೆ. "ಯಾಕ ಹೆದರಿಕಿ? ಕೆಳಗ ಅಪ್ಪ ಅದಾನ ಅಂತ ಗೊತ್ತಿತ್ತು. ಮಂಚ ನಡುಗಿದ ಮ್ಯಾಲೇ ನನಗ ನಿದ್ದಿ ಹತ್ತೋದು" ಎಂದಿದ್ದರು. ಇಷ್ಟು ವರ್ಷ ಈ ನಿಶ್ಶಬ್ದ ದೇಶದಲ್ಲಿದ್ದರೂ ತನಗೆ ಒಳ್ಳೆಯ ನಿದ್ದೆ ಬಂದಿಲ್ಲ ಎಂದು ತಮಾಷೆ ಮಾಡುವರು. ಅದು ಪೂರ್ತಿ ತಮಾಷೆಯೇನೂ ಆಗಿರಲಿಲ್ಲ.

ಸೈಟಿನಲ್ಲಿ ಅವರ ನಡಿಗೆಯೇ ಬೇರೆ. ಕೈ ಹಿಂದೆ ಕಟ್ಟಿಕೊಂಡು, ಮದುವೆ ಚಪ್ಪರ ನೋಡಲು ಬಂದ ಹಿರಿಯರಂತೆ ನಿಧಾನ ನಡೆಯುವರು. ಬೇಲಿಯ ಕಂಬ ಯಾವ ಕಡೆ ವಾಲಿದೆ, ಮಳೆನೀರು ಎಲ್ಲಿ ನಿಲ್ಲದೆ ಮಾಯವಾಗುತ್ತದೆ, ಹುಲ್ಲು ಎಲ್ಲಿ ಬಟ್ಟಲಿನಂತೆ ತಗ್ಗಿದೆ, ಎಲ್ಲವನ್ನೂ ನನ್ನಿಂದ ನಕ್ಷೆಗೆ ಏರಿಸುವರು. ಮಧ್ಯಾಹ್ನ ಕಾರಿನ ಬಾನೆಟ್ಟೇ ಊಟದ ಮೇಜು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ಒಮ್ಮೆ ಗಾಳಿ ಬೀಸಿದ ರಭಸಕ್ಕೆ ರೊಟ್ಟಿ ಹಾರಿಹೋಗಿ ಹೊಲದ ನಾಯಿಯೊಂದು ಅದನ್ನು ಮೂಸಿ, ಯೋಚಿಸಿ, ಪೂರ್ತಿ ತಿಂದಿತು. "ಜಾಣ ನಾಯಿ" ಎಂದು ಅಕ್ಕ ಇನ್ನೊಂದು ರೊಟ್ಟಿಯಲ್ಲಿ ಅರ್ಧ ಮುರಿದು ಎಸೆದರು.

ಅವರ ಯಜಮಾನರು ಡಾಕ್ಟರು. ಕಿಲ್ಕೆನಿ ಕಡೆಯ ಗುಡ್ಡಗಳಲ್ಲಿ ಒಂದು ಚಿಕ್ಕ ಊರು. ಡಾಕ್ಟರಿಗೆ ಹತ್ತಿರದ ಆಸ್ಪತ್ರೆಯಲ್ಲಿ ಕೆಲಸವಾದ್ದರಿಂದ ಮನೆ ಅಲ್ಲೇ. ಅಕ್ಕ ವಾರದಲ್ಲಿ ಕೆಲವು ದಿನ ಡಬ್ಲಿನ್ನಿಗೆ ಬಂದು ಹೋಗುವರು. ಒಬ್ಬಳೇ ಮಗಳು, ಆ ಊರಲ್ಲೇ ಬೆಳೆದವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಆ ಸೀಮೆಯ ರಾಗದ ಇಂಗ್ಲಿಷಿನಲ್ಲಿ. ಆ ಊರಿನ ಜೀವವೆಲ್ಲ ಆಟದ ಕ್ಲಬ್ಬಿನ ಮೈದಾನದಲ್ಲಿತ್ತು. ಕೋಲಿನಿಂದ ಚೆಂಡು ಹೊಡೆದು ಆಡುವ ಹರ್ಲಿಂಗ್ ಗಂಡುಹುಡುಗರಿಗೆ. ಅದನ್ನೇ ಹುಡುಗಿಯರು ಆಡಿದರೆ ಕಮೋಗಿ. ಅಕ್ಕನ ಮಗಳು ಚಿಕ್ಕಂದಿನಿಂದ ಅಲ್ಲಿ ಗೋಲ್‌ಕೀಪರ್. ಪಂದ್ಯದ ದಿನ ಊರ ಹೆಂಗಸರು ಸ್ಯಾಂಡ್‌ವಿಚ್ ತಂದರೆ ಅಕ್ಕ ದೊಡ್ಡ ಬುಟ್ಟಿ ತುಂಬ ಮಿರ್ಚಿ ಭಜಿ ಒಯ್ಯುವರು. ಕ್ಲಬ್ಬಿನ ಅಧ್ಯಕ್ಷರು, ಕೆಂಪು ಮುಖದ ಹಿರಿಯ ರೈತ, ಕಣ್ಣಲ್ಲಿ ನೀರು ಸುರಿಸುತ್ತ ಒಂದಾದ ಮೇಲೊಂದು ತಿಂದು, "ಇವಳು ನಮ್ಮವಳು" ಎಂದು ಬಂದವರಿಗೆಲ್ಲ ಪರಿಚಯಿಸುವರು. ಹೊರಗಿನಿಂದ ಬಂದವರಿಗೆ ಆ ದೇಶದಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ. ಅಕ್ಕ ಅದನ್ನು ನನಗೆ ಎಷ್ಟು ಸಲ ಹೇಳಿದ್ದರೋ.

ಆ ಊರಿನ ಕೆಳಗೆ ಕಲ್ಲಿದ್ದಲಿನ ಗಣಿ ಇತ್ತು. ಅಜ್ಜಂದಿರ ಕಾಲಕ್ಕೇ ಮುಚ್ಚಿಹೋದದ್ದು. ಕ್ಲಬ್ಬಿನವರು ಮೈದಾನಕ್ಕೆ ದೀಪದ ಕಂಬಗಳನ್ನೂ ಜನ ಕೂರಲು ಕಟ್ಟೆಯನ್ನೂ ಕಟ್ಟಿಸಹೊರಟಾಗ, ಮೊದಲು ನೆಲ ಪರೀಕ್ಷೆ ಮಾಡಿಸಿ ಎಂದು ಮೇಲಿನವರು ಹೇಳಿದರು. ಆ ಕೆಲಸ ನಮ್ಮ ಆಫೀಸಿಗೆ ಬಂತು. ಅಕ್ಕ ತಕ್ಷಣ, "ನನ್ನ ಮಗಳು ಅಲ್ಲೇ ಆಡ್ತಾಳೆ, ಬೇರೆ ಯಾರನ್ನಾದರೂ ಕಳಿಸಿ" ಎಂದು ಬಾಸಿಗೆ ಹೇಳಿದರು. ಆಫೀಸಿನವರು ಕ್ಲಬ್ಬನ್ನು ಕೇಳಿದರೆ ಅಧ್ಯಕ್ಷರು, "ಬೇರೆಯವರು ಯಾಕೆ? ಅವಳೇ ಬರಲಿ. ನಮ್ಮವಳು" ಎಂದರು. ಅಕ್ಕ ಬರೆದದ್ದನ್ನೆಲ್ಲ ಇನ್ನೊಬ್ಬ ಎಂಜಿನಿಯರು ಪ್ರತ್ಯೇಕವಾಗಿ ನೋಡಬೇಕು ಎಂಬ ಕರಾರಿನ ಮೇಲೆ ಅವರೇ ಹೋದರು. ನಾನೂ ಜೊತೆಗೆ ಹೋದೆ.

ನಮ್ಮಲ್ಲಿ ಬೋರ್‌ವೆಲ್ ಕೊರೆಯುವಂಥದೇ ಯಂತ್ರ. ಕೊರೆಯುವಾಗ ಮೇಲಿನಿಂದ ಬಿಟ್ಟ ನೀರು ಕೆಸರಾಗಿ ವಾಪಸು ಬರಬೇಕು. ಮೈದಾನದ ನಡುವೆ ಎಲ್ಲ ಸರಿಯಾಗಿತ್ತು. ಶಾಲೆಯ ಕಡೆಯ ಗೋಲಿನ ಹತ್ತಿರ ಕೊರೆದಾಗ ನೀರು ಇದ್ದಕ್ಕಿದ್ದಂತೆ ನಿಂತುಹೋಯಿತು. ಎಷ್ಟು ಬಿಟ್ಟರೂ ಒಳಗೇ ಇಂಗಿತು. ಕೊರೆಯುವವನು ಯಂತ್ರ ಆರಿಸಿದ. ತೂತಿನೊಳಗೆ ಸಣ್ಣ ಕ್ಯಾಮೆರಾ ಇಳಿಬಿಟ್ಟೆವು. ಪರದೆಯ ಮೇಲೆ ಕತ್ತಲ ಕೋಣೆ. ಉದುರಿ ಬಿದ್ದ ಕಲ್ಲಿನ ರಾಶಿ. ಪಕ್ಕದಲ್ಲಿ ಚಾವಣಿಗೆ ಆನಿಸಿ ನಿಲ್ಲಿಸಿದ ಒಂದು ಮರದ ಕಂಬ.

"ಯಾವನೋ ಪುಣ್ಯಾತ್ಮ ನಿಲ್ಲಿಸಿ ಹ್ವಾದ ಕಂಬ. ಇನ್ನೂ ಹೊತಗೊಂಡು ನಿಂತೈತಿ ಪಾಪ" ಎಂದು ಅಕ್ಕ ಬಹಳ ಹೊತ್ತು ಅದನ್ನೇ ನೋಡಿದರು.

ಚಾವಣಿಯ ಕಲ್ಲು ಸ್ವಲ್ಪ ಸ್ವಲ್ಪವೇ ಉದುರುತ್ತ ಪೊಳ್ಳು ಮೇಲೆ ಮೇಲೆ ಏರಿ ಬಂದಿತ್ತು. ಅದರ ಮತ್ತು ಹುಲ್ಲಿನ ನಡುವೆ ಉಳಿದದ್ದು ಇರಬೇಕಾದುದಕ್ಕಿಂತ ತೀರ ಕಡಿಮೆ ಬಂಡೆ. ಇನ್ನೊಬ್ಬ ಎಂಜಿನಿಯರೂ ನೋಡಿ ಅದನ್ನೇ ಹೇಳಿದರು: ಪೊಳ್ಳನ್ನು ತುಂಬಿಸುವವರೆಗೆ ಮೈದಾನ ಮುಚ್ಚಬೇಕು.

ವರದಿಯನ್ನು ಇಮೇಲಿನಲ್ಲಿ ಕಳಿಸಿದರೆ ಸಾಕು ಎಂದು ಆಫೀಸಿನವರು ಹೇಳಿದ್ದರು. "ಅವರ ಕೂಡ ಈ ಬಾಯಿಂದ ಉಂಡಾಕಿ ನಾನು, ಬಾಯಿಂದಾನ ಹೇಳಬೇಕು" ಎಂದು ಅಕ್ಕ ಭಾನುವಾರ ಮಧ್ಯಾಹ್ನ ಚರ್ಚಿನ ಸಭಾಂಗಣಕ್ಕೆ ಹೋದರು. ಊರೆಲ್ಲ ಸೇರಿತ್ತು. ನಾನು ನಕ್ಷೆ ತೋರಿಸಿದೆ. ಅವರು ವಿವರಿಸಿದರು.

"ನಮ್ಮಪ್ಪ ಅಲ್ಲಿ ಆಡಿದ, ನಾನೂ ಆಡಿದೆ. ಏನೂ ಆಗಲಿಲ್ಲವಲ್ಲ?" ಎಂದರು ಅಧ್ಯಕ್ಷರು. ಸಿಟ್ಟಿನಿಂದಲ್ಲ, ಬೇಡುವವರ ಹಾಗೆ.

"ಹೌದು. ಆಗಲಿಲ್ಲ."

"ಹಾಗಾದರೆ ಯಾವಾಗ ಬೀಳುತ್ತೆ, ಹೇಳು."

"ಗೊತ್ತಿಲ್ಲ. ನಾಳೆ ಬೀಳಬಹುದು. ನಿಮ್ಮ ಮೊಮ್ಮಗನಿಗೆ ವಯಸ್ಸಾಗುವವರೆಗೂ ಬೀಳದೇ ಇರಬಹುದು."

ಜನ ಗುಜುಗುಜು ಮಾಡಿದರು. ಆ ಬೇಸಿಗೆಯಲ್ಲಿ ಹುಡುಗಿಯರ ತಂಡ ಮೊಟ್ಟಮೊದಲ ಸಲ ಫೈನಲ್ ತಲುಪಿತ್ತು. ಪಂದ್ಯ ಈ ಮೈದಾನದಲ್ಲೇ ಎಂದು ನಿಶ್ಚಯವಾಗಿತ್ತು. ಯಾರೋ ಹಿಂದಿನಿಂದ, "ಅದೊಂದು ಪಂದ್ಯ ಆಡಿಸಿ ಆಮೇಲೆ ಮುಚ್ಚೋಣ. ಒಂದೇ ಒಂದು" ಎಂದರು. ಅಧ್ಯಕ್ಷರೂ ಅಕ್ಕನ ಮುಖ ನೋಡಿದರು. ಗೋಡೆಗೆ ಒರಗಿ ನಿಂತಿದ್ದ ಮಗಳೂ ನೋಡಿದಳು.

"ಅಷ್ಟು ಹೊತ್ತು ನಿಲ್ಲುತ್ತದೆ ಅಂತ ನಾನು ಮಾತು ಕೊಡಲಾರೆ" ಎಂದರು ಅಕ್ಕ. "ಆ ಗೋಲಿನಲ್ಲಿ ಯಾರನ್ನೂ ನಿಲ್ಲಿಸಲಾರೆ."

ಮಗಳು ಬಾಗಿಲು ತಳ್ಳಿಕೊಂಡು ಹೊರಟುಹೋದಳು.

ಪಂದ್ಯ ಪಕ್ಕದ ಊರಿನಲ್ಲಿ ನಡೆಯಿತು. ಹುಡುಗಿಯರು ಸೋತರು. ನಮ್ಮ ಮೈದಾನದಲ್ಲಾಗಿದ್ದರೆ ಗೆಲ್ಲುತ್ತಿದ್ದೆವು ಎಂದು ಊರು ನಂಬಿತು. ಅಕ್ಕನಿಗೆ ಯಾರೂ ಕೆಟ್ಟ ಮಾತು ಆಡಲಿಲ್ಲ. ಆ ಜನ ಹಾಗೆ ಆಡುವವರಲ್ಲ. ಅಂಗಡಿಯಲ್ಲಿ ಸಿಕ್ಕರೆ ನಮಸ್ಕಾರ, ಮಳೆಯ ಮಾತು, ಬಿಸಿಲಿನ ಮಾತು, ಅಷ್ಟೇ. ಮೊದಲೆಲ್ಲ ಹಸು ಕರು ಹಾಕಿದ್ದು, ಸೊಸೆ ಮುನಿಸಿಕೊಂಡದ್ದು, ಮಂಡಿನೋವು, ಎಲ್ಲ ಹೇಳುತ್ತಿದ್ದವರು. "ಹವಾಮಾನ ಒಂದ ಉಳೀತು ನೋಡು ತಂಗಿ" ಎಂದರು ಅಕ್ಕ ಒಮ್ಮೆ. ಭಜಿ ಕೇಳುವವರಿಲ್ಲವಾಗಿ ಆ ಬುಟ್ಟಿಯಲ್ಲಿ ಈರುಳ್ಳಿ ತುಂಬಿಟ್ಟರು. ಮಗಳು ತಾಯಿಯ ಕಾರಿನ ಸದ್ದು ಕೇಳಿದರೆ ಮಹಡಿ ಹತ್ತಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಡಾಕ್ಟರು ಇಬ್ಬರಿಗೂ ಬೇರೆ ಬೇರೆ ಹೊತ್ತಿನಲ್ಲಿ ಊಟ ಬಡಿಸುತ್ತಿದ್ದರು.

ತಿಂಗಳುಗಳು ಕಳೆದವು. ಮಳೆಗಾಲವೂ ಕಳೆಯಿತು, ಆ ದೇಶದಲ್ಲಿ ಹಾಗೊಂದು ಬೇರೆ ಕಾಲ ಇದೆ ಎನ್ನುವುದಾದರೆ. ಬೇಲಿಯೊಳಗೆ ಹುಲ್ಲು ಮೊಣಕಾಲುದ್ದ ಬೆಳೆಯಿತು. ನೆಲ ಒಂದು ಅಂಗುಲವೂ ಕುಸಿಯಲಿಲ್ಲ. ಪಬ್ಬಿನಲ್ಲಿ ಅದೊಂದು ತಮಾಷೆಯ ಮಾತಾಯಿತು.

ದೂರದ ಉತ್ತರದಲ್ಲಿ ಲೆಟರ್‌ಕೆನ್ನಿಯ ಕಡೆ ಬೇರೊಂದು ಕೆಲಸಕ್ಕೆ ಹೋಗಿ ಮರಳುತ್ತಿದ್ದೆವು. ನಾನು ಕಾರು ಓಡಿಸುತ್ತಿದ್ದೆ. ಅಕ್ಕ ಕಿಟಕಿಯ ಹೊರಗೆ ನೋಡುತ್ತಲೇ ಮಾತು ತೆಗೆದರು.

"ತಂಗಿ, ಮೊನ್ನೆ ದೇವರ ಮುಂದ ಕುಂತಿದ್ದೆ. ಯಾರೂ ಇಲ್ಲದ ಹೊತ್ತಿನ್ಯಾಗ ಆ ಮೈದಾನ ಬಿದ್ದು ಹೋಗ್ಲಿ ಅಂತ ಬೇಡ್ಕೊಂಡೆ."

ನಾನು ಕಾರಿನ ವೇಗ ತಗ್ಗಿಸಿದೆ.

"ಬೇಡ್ಕೊಂಡು ಕಣ್ಣು ತಗದ್ರ ಮೈ ನಡುಗಿತು. ನಾ ಏನು ಬೇಡಾಕತ್ತೀನಿ? ಯಾವುದಾರ ಕೂಸು ಚೆಂಡು ತರಾಕ ಬೇಲಿ ಜಿಗಿದು ಹೋಗಿದ್ರ?"

"ನೀವು ಹೇಳಿದ್ದು ಸರಿ ಅಂತ ಎಲ್ರಿಗೂ ಗೊತ್ತಾಗ್ಲಿ ಅಂತ ಅನ್ಸೋದ್ರಲ್ಲಿ ತಪ್ಪೇನಿದೆ ಅಕ್ಕ?"

"ಎಲ್ಲಾರಿಗೂ ಬ್ಯಾಡವಾ. ಆಕಿ ಒಬ್ಬಾಕಿಗೆ ಗೊತ್ತಾದ್ರ ಸಾಕು." ಕಿಟಕಿಗೆ ತಲೆ ಒರಗಿಸಿ, "ಹಿಂದಕ ಶಾಲಿಯಿಂದ ಬಂದು ಅಡಗಿಮನ್ಯಾಗ ಕಟ್ಟಿ ಮ್ಯಾಲ ಕುಂತು ಕಾಲು ಆಡಿಸ್ಕೋತ ಎಲ್ಲಾ ಹೇಳ್ತಿದ್ಳು. ಆ ಕಟ್ಟಿ ಒರಸುವಾಗ ಸಂಕಟ ಆಗ್ತೈತಿ" ಎಂದರು.

ಕ್ಲಬ್ಬಿನವರು ಲಾಟರಿ ಮಾರಿ, ಕೇಕ್ ಮಾರಿ, ಸರ್ಕಾರದ ನೆರವು ಹುಡುಕಿ ಪೊಳ್ಳು ತುಂಬಿಸುವ ಕೆಲಸಕ್ಕೆ ಅಣಿಯಾಗುವ ಹೊತ್ತಿಗೆ ಅಕ್ಕನಿಗೆ ಕಾಯಿಲೆ ಬಂದಿತ್ತು. ಗೊತ್ತಾದಾಗಲೇ ತಡವಾಗಿತ್ತು. ಡಬ್ಲಿನ್ನಿನ ಆಸ್ಪತ್ರೆಗೆ ಸೇರಿಸಿದರು. ಅಷ್ಟರಲ್ಲಿ ಡಬ್ಲಿನ್ನಿನ ಕಾಲೇಜು ಸೇರಿದ್ದ ಮಗಳು ದಿನವೂ ತರಗತಿ ಮುಗಿಸಿ ಬಂದು ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ನೀರು ಕೊಡುವಳು, ದಿಂಬು ಸರಿಮಾಡುವಳು. ಮಾತು ಮಾತ್ರ ಅಳೆದು ಅಳೆದು.

ಸಿಮೆಂಟು, ಬೂದಿ, ನೀರು ಕಲಸಿ ಗಂಜಿಯಂತೆ ಮಾಡಿ, ತೂತುಗಳಿಂದ ಪೊಳ್ಳಿಗೆ ಸುರಿಯುವುದು ಆ ಕೆಲಸ. ಅಕ್ಕನ ಬದಲು ನಾನೇ ಮೈದಾನಕ್ಕೆ ಹೋಗಿ ಬರುತ್ತಿದ್ದೆ. ಇಂತಿಷ್ಟು ಬೇಕಾದೀತು ಎಂದು ನಾವು ಅಂದಾಜು ಮಾಡಿದ್ದೆವು. ಆ ಅಂದಾಜು ಮುಗಿಯಿತು. ನೆಲ ಕುಡಿಯುತ್ತಲೇ ಇತ್ತು. ಮತ್ತೆ ಲಾರಿಗೆ ಹೇಳಿ ಕಳಿಸಿದರು, ಅದನ್ನೂ ಕುಡಿಯಿತು. ಮೊದಲ ದಿನ ಯಾರೂ ಬಂದಿರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಊರಿನವರು ಬೇಲಿಯ ಬಳಿ ನಿಂತರು. ಲಾರಿ ಖಾಲಿಯಾಗಿ ಹೋಗುವುದು, ಇನ್ನೊಂದು ಬರುವುದು. ಯಾರೂ ತಮಾಷೆ ಮಾಡುತ್ತಿರಲಿಲ್ಲ. ಅಧ್ಯಕ್ಷರು ಬೇಲಿಯ ತಂತಿ ಹಿಡಿದು ನಿಂತವರು ಊಟಕ್ಕೂ ಹೋಗಲಿಲ್ಲ.

ಆ ಸಂಜೆ ನಾನು ಡಬ್ಲಿನ್ನಿಗೆ ಮರಳಿ, ಹೆಚ್ಚುಕಡಿಮೆ ಓಡುತ್ತಲೇ ಆಸ್ಪತ್ರೆಯೊಳಗೆ ಹೋದೆ.

"ತುಂಬಿತೇನು?" ಎಂದರು ಅಕ್ಕ. ದನಿ ಸಣ್ಣಗಾಗಿತ್ತು.

"ಇಲ್ಲ ಅಕ್ಕ! ನಾವು ಅಂದ್ಕೊಂಡಿದ್ದಕ್ಕಿಂತ ಎಷ್ಟೋ ಹೆಚ್ಚು ಹೋಗಿದೆ, ಇನ್ನೂ ಹೋಗ್ತಾನೇ ಇದೆ. ಊರವರೆಲ್ಲ ನಿಂತು ನೋಡ್ತಿದ್ದಾರೆ. ನೀವು ಹೇಳಿದ್ದಕ್ಕಿಂತ ದೊಡ್ಡದಿತ್ತು ಒಳಗೆ."

ಅವರ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅದು ಬಿಳಿಚಿಕೊಂಡಿತು.

"ಶಾಲಿ ಕಡೀ ಗೋಲಿನ್ಯಾಗ?"

"ಹೌದು."

ಅಕ್ಕ ನಿಧಾನವಾಗಿ ಮಗಳ ಕಡೆ ತಿರುಗಿದರು. "ಅಲ್ಲೇ ನಿಂದರ್ತಿದ್ಳು" ಎಂದರು. "ಸಣ್ಣಾಕಿ ಇದ್ದಾಗಿಂದ ಅಲ್ಲೇ. ನಾನು ಬಾಜೂಕ ಭಜಿ ಹಿಡಕೊಂಡು ನಿಂತು ನಕ್ಕೋತ ನೋಡ್ತಿದ್ದೆ. ಜಿಗಿದು ಜಿಗಿದು ಚೆಂಡು ಹಿಡೀತಿದ್ಳಲ್ಲೋ ಯಪ್ಪಾ..." ಇಷ್ಟು ವರ್ಷ ಒಂದು ಹನಿ ಕಣ್ಣೀರು ಹಾಕದ ಆ ಹೆಂಗಸು ಬಿಕ್ಕಿ ಬಿಕ್ಕಿ ಅತ್ತರು.

ಮಗಳು ಕುರ್ಚಿಯಿಂದ ಎದ್ದಳು. ಬೂಟು ಕಳಚಿ, ನಳಿಕೆಗಳನ್ನು ಜೋಪಾನವಾಗಿ ಸರಿಸಿ, ಆ ಕಿರಿದಾದ ಮಂಚದ ಮೇಲೆ ತಾಯಿಯ ಪಕ್ಕ ಮಲಗಿದಳು. "ಅಮ್ಮಾ, ನೋಡು. ಇಲ್ಲೇ ಇದ್ದೀನಿ. ನಾನು ಬೀಳಲಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಮತ್ತೆ ಮತ್ತೆ ಹೇಳಿದಳು. ಆಮೇಲೆ, "ನನಗೆ ಆವತ್ತೇ ಗೊತ್ತಿತ್ತು ನೀನು ಸರಿ ಅಂತ. ಪಂದ್ಯ ಹೋಯ್ತಲ್ಲ ಅಂತ ಸಿಟ್ಟು, ಅಷ್ಟೇ. ಆಮೇಲೆ ಮಹಡಿ ಇಳಿದು ಬರೋದು ಹೇಗೆ ಅಂತ ತಿಳೀಲಿಲ್ಲ" ಎಂದಳು.

ಅಕ್ಕ ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೆತ್ತಿ ಮೂಸಿದರು. ನಾನು ಚೀಲ ಎತ್ತಿಕೊಂಡು ಹೊರಗೆ ಬಂದೆ.

ಕೆಲವೇ ವಾರಗಳಲ್ಲಿ ಅಕ್ಕ ಹೋದರು. ಅವರ ಶವ ಹೊತ್ತ ಗಾಡಿ ಊರು ದಾಟುವಾಗ ಕ್ಲಬ್ಬಿನವರು ಅಲ್ಲಿನ ರೂಢಿಯಂತೆ ಜರ್ಸಿ ತೊಟ್ಟು ರಸ್ತೆಯ ಎರಡೂ ಬದಿಗೆ ಸಾಲಾಗಿ ನಿಂತಿದ್ದರು. ಮಳೆ ಸುರಿಯುತ್ತಿತ್ತು, ಒಬ್ಬರೂ ಕೊಡೆ ಬಿಚ್ಚಿರಲಿಲ್ಲ.

ಸೈಟಿನಲ್ಲಿ ಈಗ ನಾನು ಹೊಸಬರಿಗೆ ಹುಲ್ಲಿನ ತಗ್ಗು ತೋರಿಸುತ್ತೇನೆ. ಅವರು ಒಳ್ಳೆಯ ಹುಡುಗರು, ಬೇಗ ಕಲಿಯುತ್ತಾರೆ. ಆದರೆ ಬಿರುಗಾಳಿಯಲ್ಲಿ ನಿಂತು, "ಏ ತಂಗಿ, ಇಲ್ಲಿ ಬಾ, ಈ ಮಣ್ಣು ಏನಂತೈತಿ ನೋಡು" ಎಂದು ಕೂಗುವವರು ಇಲ್ಲ. ಆ ಕೂಗಿಗೆ ಕೆಸರಿನಲ್ಲಿ ಜಾರುತ್ತ ಓಡಿಹೋಗಬೇಕು ಎಂಬ ಆಸೆ ಎಷ್ಟೋ ಸಲ ಆಗುತ್ತದೆ.

ಪೊಳ್ಳು ಕೊನೆಗೂ ಪೂರ್ತಿ ತುಂಬಿ, ಈ ಬೇಸಿಗೆಯಲ್ಲಿ ಮೈದಾನ ಮತ್ತೆ ತೆರೆಯಿತು. ಹುಡುಗಿಯರ ಪಂದ್ಯ. ಅಕ್ಕನ ಮಗಳೇ ಗೋಲ್‌ಕೀಪರ್. ನಾನೂ ಹೋಗಿದ್ದೆ. ಊರಿಗೆ ಊರೇ ಬಂದಿತ್ತು, ಆದರೆ ಎಲ್ಲರೂ ಗುಡ್ಡದ ಕಡೆಗೆ ಒತ್ತೊತ್ತಾಗಿ ನಿಂತಿದ್ದರು. ಶಾಲೆಯ ಕಡೆಯ ಗೋಲಿನ ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಯಾರೂ ಯಾರಿಗೂ ಹೇಳಿರಲಿಲ್ಲ. ಕಾಲುಗಳೇ ಹಾಗೆ ಆರಿಸಿಕೊಂಡಿದ್ದವು. ಮಗಳು ಆ ಗೋಲಿನಲ್ಲಿ ಒಬ್ಬಳೇ ಕೋಲು ಹಿಡಿದು ನಿಂತಿದ್ದಳು.

ಡಾಕ್ಟರು ಆಸ್ಪತ್ರೆಯಿಂದ ನೇರವಾಗಿ ಬಂದರು. ಜನರನ್ನು ನೋಡಿದರು, ಖಾಲಿ ಜಾಗವನ್ನು ನೋಡಿದರು. ಕಾರಿನಿಂದ ಮಡಿಸುವ ಕುರ್ಚಿ ತೆಗೆದು, ಮೈದಾನದ ಅಂಚನ್ನು ಸುತ್ತಿ ನಡೆದು, ಮಗಳ ಹಿಂದೆ ಅದನ್ನು ಬಿಚ್ಚಿ ಕೂತರು. ನಾನೂ ಹೋಗಿ ಅವರ ಪಕ್ಕ ಹುಲ್ಲಿನ ಮೇಲೆ ಕೂತೆ. ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೆ ಅಧ್ಯಕ್ಷರು ಗುಂಪಿನಿಂದ ಹೊರಬಿದ್ದು ನಮ್ಮ ಕಡೆ ಬಂದರು. ಅವರ ಹಿಂದೆ ಮಕ್ಕಳನ್ನು ಎತ್ತಿಕೊಂಡ ಕೆಲವರು. ನಮ್ಮಿಂದ ನಾಲ್ಕು ಹೆಜ್ಜೆ ಆಚೆಗೆ ಎಲ್ಲರೂ ನಿಂತರು.

"ಡಾಕ್ಟರೇ, ಇಲ್ಲಿ ನಿಲ್ಲಬಹುದಾ?" ಎಂದು ಅಧ್ಯಕ್ಷರು ಕೇಳಿದರು.

ಡಾಕ್ಟರು ಮಗಳ ಬೆನ್ನಿನಿಂದ ಕಣ್ಣು ತೆಗೆಯಲಿಲ್ಲ.

"ತುಂಬಿದ ಮೇಲೆ ನಿಲ್ಲಬಹುದು ಅಂತ ನನ್ನ ಹೆಂಡತಿ ಹೇಳಿದ್ದಳು" ಎಂದರು.

ಅಧ್ಯಕ್ಷರು ಬಂದು ನಮ್ಮ ಪಕ್ಕದಲ್ಲಿ ನಿಂತರು.